ಚಳಿಗಾಲದ ನಡಿಗೆಯಲ್ಲಿ ಹಳ್ಳಿಯ ಹಳೆಯ ಚರ್ಚಿನ ಛಾಯಾಗ್ರಹಣ: ಕಿಲ್ಪೆಕ್ ಚರ್ಚನ್ನು ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಇಂಗ್ಲೆಂಡಿನ ಪಶ್ಚಿಮದಂಚಿನಲ್ಲಿ, ಹೆರೆಫರ್ಡ್ ನಗರದಿಂದ ನೈಋತ್ಯಕ್ಕೆ ಸುಮಾರು 14 ಕಿಲೋಮೀಟರ್ ಸಾಗಿದರೆ, ವೇಲ್ಸ್ ಗಡಿಗೆ ಹತ್ತಿರದಲ್ಲಿ ಕಿಲ್ಪೆಕ್ ಎಂಬ ಪುಟ್ಟ ಹಳ್ಳಿ ಸಿಗುತ್ತದೆ. ಸಂತ ಮೇರಿ ಮತ್ತು ಸಂತ ಡೇವಿಡರ ಹೆಸರಿನಲ್ಲಿ ಸುಮಾರು 1140ರ ವೇಳೆಗೆ ಕಟ್ಟಿದ ಅಲ್ಲಿನ ಕೆಂಪು ಮರಳುಗಲ್ಲಿನ ಚರ್ಚು ಗಾತ್ರದಲ್ಲಿ ನಮ್ಮ ಊರಿನ ಸಾಧಾರಣ ಗುಡಿಯೊಂದಕ್ಕಿಂತ ಬಹಳ ದೊಡ್ಡದೇನಲ್ಲ. ಆದರೆ ಅದರ ದಕ್ಷಿಣದ ಬಾಗಿಲು ಮತ್ತು ಸೂರಿನ ಕೆಳಗೆ ಸುತ್ತಲೂ ಸಾಲುಗಟ್ಟಿ ಹೊರಚಾಚಿದ ಕೆತ್ತನೆಗಲ್ಲುಗಳು, ಫ್ರಾನ್ಸಿನಿಂದ ಬಂದ ನಾರ್ಮನ್ನರು ಆಳಿದ ಕಾಲದ ಇಂಗ್ಲೆಂಡಿನ ಶಿಲ್ಪಕಲೆಯಲ್ಲಿಯೇ ಅಪರೂಪದವು. ಕಾರ್ಬೆಲ್ ಎಂದು ಕರೆಯುವ ಈ ಚಾಚುಗಲ್ಲುಗಳಲ್ಲಿ 85 ಇಂದಿಗೂ ಉಳಿದಿವೆ. ನಾನು ಮೊದಲ ಸಲ ಅಲ್ಲಿಗೆ ಹೋದದ್ದು ಜೂನ್ ತಿಂಗಳ ನಡುಹಗಲಿನಲ್ಲಿ. ಬಿಸಿಲು ಚೆನ್ನಾಗಿತ್ತು, ಆಕಾಶ ತಿಳಿಯಾಗಿತ್ತು, ತೆಗೆದ ಚಿತ್ರಗಳಲ್ಲಿ ಒಂದೂ ಬಳಸುವಂತಿರಲಿಲ್ಲ. ಸೂರಿನ ನೆರಳು ಕಾರ್ಬೆಲ್‌ಗಳ ಮೇಲೆ ಕರಿಪಟ್ಟಿಯಂತೆ ಬಿದ್ದು, ಕೆಳಗಿನ ಗೋಡೆ ಮಾತ್ರ ಬೆಳಗುತ್ತಿತ್ತು. ಏಳು ತಿಂಗಳ ಬಳಿಕ, ಜನವರಿಯ ಒಂದು ಹೆಪ್ಪುಗಟ್ಟಿದ ಬೆಳಿಗ್ಗೆ ಅದೇ ಜಾಗದಲ್ಲಿ ನಿಂತಾಗ ಪ್ರತಿಯೊಂದು ಕಲ್ಲಿನ ಮುಖವೂ ಸ್ಪಷ್ಟವಾಗಿ ಕಾಣಿಸಿತು. ಇಂತಹ ಚರ್ಚುಗಳ ಚಿತ್ರ ತೆಗೆಯಲು ಚಳಿಗಾಲವೇ ತಕ್ಕ ಕಾಲವೆಂಬುದು ಅಂದಿನಿಂದ ನನ್ನ ದೃಢವಾದ ಅಭಿಪ್ರಾಯ. ಅದರ ಕಾರಣವನ್ನೂ ಕ್ರಮವನ್ನೂ ಇಲ್ಲಿ ವಿವರಿಸುತ್ತೇನೆ.

ಮೊದಲ ಕೆಲಸ: ಮನೆಯಲ್ಲಿಯೇ ಸೂರ್ಯನ ಲೆಕ್ಕ

ಇಂಗ್ಲೆಂಡಿನ ಹಳೆಯ ಚರ್ಚುಗಳಲ್ಲಿ ಬಹುಪಾಲು ಪೂರ್ವ-ಪಶ್ಚಿಮವಾಗಿ ಉದ್ದಕ್ಕೆ ಮಲಗಿವೆ. ಬಲಿಪೀಠ ಪೂರ್ವದ ತುದಿಯಲ್ಲಿರುತ್ತದೆ. ಜನರು ಬರುವ ಬಾಗಿಲು ಹೆಚ್ಚಾಗಿ ದಕ್ಷಿಣದ ಗೋಡೆಯಲ್ಲಿರುತ್ತದೆ. ಆದ್ದರಿಂದ ಚರ್ಚನ್ನು ಕಣ್ಣಾರೆ ಕಾಣುವ ಮೊದಲೇ, ಯಾವ ಗಂಟೆಗೆ ಯಾವ ಗೋಡೆಗೆ ಬಿಸಿಲು ಬೀಳುತ್ತದೆಂದು ಕಾಗದದ ಮೇಲೆ ಬರೆದುಕೊಳ್ಳಲು ಸಾಧ್ಯ.

ಕಿಲ್ಪೆಕ್ ಇರುವುದು ಹೆಚ್ಚುಕಡಿಮೆ 52 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ಸುಮಾರಿಗೆ ಅಲ್ಲಿ ಸೂರ್ಯ ಬೆಳಿಗ್ಗೆ 8.15ರ ಆಸುಪಾಸಿನಲ್ಲಿ ಆಗ್ನೇಯದಲ್ಲಿ ಹುಟ್ಟಿ, ಸಂಜೆ 4ರ ಹೊತ್ತಿಗೆ ನೈಋತ್ಯದಲ್ಲಿ ಮುಳುಗುತ್ತಾನೆ. ನಡುಹಗಲಿನಲ್ಲಿಯೂ ಅವನ ಎತ್ತರ ಸುಮಾರು 15 ಡಿಗ್ರಿಯನ್ನು ಮೀರುವುದಿಲ್ಲ. ಜೂನ್‌ನಲ್ಲಿ ಅದೇ ಎತ್ತರ 61 ಡಿಗ್ರಿ. ಸೂರು ಗೋಡೆಯಿಂದ 30 ಸೆಂಟಿಮೀಟರ್ ಚಾಚಿದೆ ಎಂದಿಟ್ಟುಕೊಂಡರೆ, ದಕ್ಷಿಣದ ಗೋಡೆಯ ಮೇಲೆ ಅದರ ನಡುಹಗಲಿನ ನೆರಳು ಜೂನ್‌ನಲ್ಲಿ 55 ಸೆಂಟಿಮೀಟರ್‌ನಷ್ಟು ಕೆಳಗಿಳಿಯುತ್ತದೆ, ಡಿಸೆಂಬರ್‌ನಲ್ಲಿ ಕೇವಲ 8 ಸೆಂಟಿಮೀಟರ್. ಕಾರ್ಬೆಲ್‌ಗಳಿರುವುದು ಸೂರಿಗೆ ಅಂಟಿಕೊಂಡೇ ಆದ್ದರಿಂದ, ಅವು ಬೆಳಕು ಕಾಣುವುದೂ ಕತ್ತಲಲ್ಲಿ ಉಳಿಯುವುದೂ ಈ ಅಂತರದಿಂದಲೇ ನಿರ್ಧಾರವಾಗುತ್ತದೆ.

ಕನ್ನಡಿಗರಿಗೆ ಇದನ್ನು ಬೇಲೂರಿನ ಮೂಲಕ ಹೇಳಿದರೆ ಇನ್ನೂ ಹತ್ತಿರವಾದೀತು. 1117ರಲ್ಲಿ ಪ್ರತಿಷ್ಠಾಪನೆಗೊಂಡ ಚೆನ್ನಕೇಶವ ದೇವಾಲಯದ ಮದನಿಕೆಯರೂ ಸೂರಿನ ಕೆಳಗೇ ನಿಂತವರು. ಕಿಲ್ಪೆಕ್‌ನ ಶಿಲ್ಪಿಗಳು ಕೆಲಸ ಮಾಡುತ್ತಿದ್ದಾಗ ಇಲ್ಲಿ ವಿಷ್ಣುವರ್ಧನ ಇನ್ನೂ ಆಳುತ್ತಿದ್ದ. ಆದರೆ 13 ಡಿಗ್ರಿ ಅಕ್ಷಾಂಶದ ಬೇಲೂರಿನಲ್ಲಿ ಡಿಸೆಂಬರ್‌ನ ನಡುಹಗಲಿನ ಸೂರ್ಯನೂ 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಅಂದರೆ ಅಲ್ಲಿ ಯಾವ ಋತುವಿನಲ್ಲಿಯೂ ನಡುಹಗಲಿನ ಬಿಸಿಲು ಸೂರಿನ ಕೆಳಗೆ ಧಾರಾಳವಾಗಿ ನುಗ್ಗುವುದಿಲ್ಲ. ಬೆಳಿಗ್ಗೆ ಸಂಜೆಗಳನ್ನೇ ನೆಚ್ಚಬೇಕು. ಉತ್ತರದ ದೇಶಗಳ ಚಳಿಗಾಲ ಕೊಡುವ ಈ ಸೌಕರ್ಯ ನಮ್ಮ ನೆಲದಲ್ಲಿ ಬೆಳೆದ ಛಾಯಾಗ್ರಾಹಕನಿಗೆ ಹೊಸದು, ಮತ್ತು ಊರಿನ ಅಭ್ಯಾಸದಂತೆ ನಡುಹಗಲಿನಲ್ಲಿ ಕ್ಯಾಮೆರಾ ಒಳಗಿಟ್ಟರೆ ಅದು ಕೈತಪ್ಪುತ್ತದೆ.

ದಿನಾಂಕವನ್ನು ಆರಿಸುವಾಗ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಡಿಸೆಂಬರ್‌ನಲ್ಲಿ ಸೂರ್ಯ ಅತಿ ತಗ್ಗಿನಲ್ಲಿರುತ್ತಾನೆ ನಿಜ, ಆದರೆ ಅವನು ಓಡಾಡುವುದು ದಕ್ಷಿಣದ ಕಿರಿದಾದ ಹರವಿನಲ್ಲಿ. ಹಾಗಾಗಿ ದಕ್ಷಿಣದ ಗೋಡೆಗೆ ಬೀಳುವ ಬೆಳಕು ಬಹುಹೊತ್ತು ಎದುರಿನದೇ ಆಗಿರುತ್ತದೆ. ಕೆತ್ತನೆಯ ಆಳ ಕಾಣಬೇಕಾದರೆ ಬೆಳಕು ಓರೆಯಾಗಿ ಗೋಡೆಯನ್ನು ಸವರಿಕೊಂಡು ಹೋಗಬೇಕು. ಫೆಬ್ರವರಿ 10ರ ಸುಮಾರಿಗೆ ಬೆಳಿಗ್ಗೆ 9 ಗಂಟೆಗೆ ಸೂರ್ಯ 10 ಡಿಗ್ರಿ ಎತ್ತರದಲ್ಲಿ, ನೇರ ದಕ್ಷಿಣದಿಂದ 50 ಡಿಗ್ರಿಯಷ್ಟು ಪೂರ್ವಕ್ಕೆ ಸರಿದಿರುತ್ತಾನೆ. ತಗ್ಗಾದ ಬೆಳಕು, ಓರೆಯಾದ ಬೆಳಕು ಎರಡೂ ಒಟ್ಟಿಗೆ ಸಿಗುವುದು ಆಗಲೇ. ಒಂದೇ ಒಂದು ದಿನ ಮಾತ್ರ ಹೋಗಬಹುದೆಂದಾದರೆ, ಜನವರಿಯ ನಡುವಿನಿಂದ ಫೆಬ್ರವರಿಯ ನಡುವಿನ ವರೆಗೆ ಬರುವ ಯಾವುದಾದರೂ ತಿಳಿ ಆಕಾಶದ ದಿನವನ್ನು ಆರಿಸಿ.

ದಾರಿಯನ್ನು ನಕ್ಷೆಯಲ್ಲಿ ಗುರುತಿಸುವುದು

ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ಸರಣಿಯ 1:25,000 ಪ್ರಮಾಣದ ನಕ್ಷೆಯಲ್ಲಿ ಸಾರ್ವಜನಿಕ ಕಾಲುದಾರಿಗಳು ಹಸಿರು ತುಂಡುಗೆರೆಗಳಾಗಿ ಕಾಣುತ್ತವೆ. ಖಾಸಗಿ ಹೊಲದ ನಡುವೆ ಹಾದರೂ ಅವುಗಳ ಮೇಲೆ ನಡೆಯುವ ಹಕ್ಕು ಎಲ್ಲರಿಗೂ ಇದೆ. ಚರ್ಚನ್ನು ನಡುವಿನಲ್ಲಿಟ್ಟು ಆರೆಂಟು ಕಿಲೋಮೀಟರಿನ ಸುತ್ತನ್ನು ಯೋಜಿಸಿ. ಚಳಿಗಾಲದ ಜೇಡಿಕೆಸರಿನಲ್ಲಿ ಗಂಟೆಗೆ ಮೂರು ಕಿಲೋಮೀಟರಿಗಿಂತ ವೇಗವಾಗಿ ನಡೆಯಬಹುದೆಂದು ನಂಬಿ ಲೆಕ್ಕ ಹಾಕಬೇಡಿ, ಏಕೆಂದರೆ ಡಿಸೆಂಬರ್‌ನಲ್ಲಿ ಹಗಲಿರುವುದೇ ಎಂಟು ಗಂಟೆಗಿಂತ ಕಡಿಮೆ. ನಡಿಗೆಯ ವೇಳೆಯನ್ನು ಬೆಳಕಿಗೆ ಹೊಂದಿಸಿಕೊಳ್ಳುವುದು ಮುಖ್ಯ: ಬೆಳಿಗ್ಗೆ 9ಕ್ಕೆ ಚರ್ಚಿನಲ್ಲಿರಿ, ಓರೆಬಿಸಿಲಿನ ಕೆಲಸ ಮುಗಿಸಿ ಹೊಲಗಳ ಕಡೆ ನಡೆಯಿರಿ, ಮಧ್ಯಾಹ್ನ 2ರ ಹೊತ್ತಿಗೆ ಮತ್ತೆ ಚರ್ಚಿಗೆ ಮರಳಿ. ಬೆಳಿಗ್ಗೆ ಬಲದಿಂದ ಬಂದ ಬೆಳಕು ಆಗ ಎಡದಿಂದ ಬರುತ್ತದೆ, ಅದೇ ಕಲ್ಲು ಬೇರೆಯದೇ ಮುಖ ತೋರಿಸುತ್ತದೆ.

ದಾರಿಯಲ್ಲಿ ಬೇಲಿ ದಾಟಲು ಮರದ ಮೆಟ್ಟಿಲುಗಳಿರುತ್ತವೆ. ಮಲೆನಾಡಿನವರಿಗೆ ನಮ್ಮ ತಡಮೆ ನೆನಪಾಗದೆ ಇರದು. ಅವು ಮಂಜಿನಿಂದ ಜಾರುತ್ತವೆ. ಕ್ಯಾಮೆರಾವನ್ನು ಕೊರಳಿಗೆ ತೂಗಿಹಾಕಿಕೊಂಡು ಹತ್ತದೆ ಚೀಲದೊಳಗಿಟ್ಟು ಹತ್ತಿ. ಗೇಟುಗಳು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ. ಗಬ್ಬವಾದ ಕುರಿಗಳು ಮೇಯುತ್ತಿರುವ ಕಾಲವಿದು. ಹಿಂಡಿನ ನಡುವೆ ನುಗ್ಗಿ ಅವು ಓಡುವ ಚಿತ್ರ ತೆಗೆಯಲು ಹೋಗುವುದು ರೈತನಿಗೂ ಕುರಿಗೂ ಮಾಡುವ ಅನ್ಯಾಯ.

ಸಲಕರಣೆ

ಕ್ಯಾಮೆರಾ ಯಾವುದಾದರೂ ಸರಿ, ರಾ ಫೈಲ್ (ಕ್ಯಾಮೆರಾ ತಿದ್ದದೆ ಬಿಟ್ಟ ಮೂಲಚಿತ್ರ) ಉಳಿಸುವಂತಿರಲಿ. ಎರಡು ಲೆನ್ಸ್ ಸಾಕು: ಕಟ್ಟಡಕ್ಕೆ 24-70 ಮಿಲಿಮೀಟರಿನದು, ಕಾರ್ಬೆಲ್‌ಗಳಿಗೆ 70-200ರದು. ಹಗುರವಾದ ಟ್ರೈಪಾಡ್ ಒಳಾಂಗಣಕ್ಕೆ ಬೇಕೇಬೇಕು. ಫೋನಿನಲ್ಲಿ ತೆಗೆಯುವವರು ಬೆರಳಿನಿಂದ ಹಿಗ್ಗಿಸುವ ಬದಲು ಫೋನಿನಲ್ಲಿರುವ ದೂರದ ಲೆನ್ಸನ್ನು ಬಳಸಬೇಕು, ಬೆಳಗಿದ ಕಲ್ಲನ್ನು ಮುಟ್ಟಿ ಫೋಕಸ್ಸನ್ನೂ ಬೆಳಕನ್ನೂ ಬಿಗಿಹಿಡಿಯಬೇಕು.

ಚಳಿಯಲ್ಲಿ ಬ್ಯಾಟರಿಯ ಶಕ್ತಿ ಬೇಗ ಕುಸಿಯುತ್ತದೆ. ಎರಡನೆಯ ಬ್ಯಾಟರಿಯನ್ನು ಚೀಲದಲ್ಲಲ್ಲ, ಮೈಗೆ ತಾಗುವ ಒಳಜೇಬಿನಲ್ಲಿ ಇಟ್ಟುಕೊಳ್ಳಿ. ಖಾಲಿಯಾಯಿತೆಂದು ತೋರಿದ ಬ್ಯಾಟರಿಯೂ ಸ್ವಲ್ಪ ಹೊತ್ತು ಬೆಚ್ಚಗಿದ್ದರೆ ಇನ್ನಷ್ಟು ಚಿತ್ರಗಳಿಗೆ ಒದಗುತ್ತದೆ. ಗಾಳಿಯಾಡದ ಜಿಪ್ ಇರುವ ದೊಡ್ಡ ಪ್ಲಾಸ್ಟಿಕ್ ಚೀಲವನ್ನೂ ಒಯ್ಯಿರಿ. ಅದರ ಉಪಯೋಗ ಮುಂದೆ ಬರುತ್ತದೆ.

ಚರ್ಚಿನ ಸುತ್ತ ಒಂದು ಬರಿಗೈ ಸುತ್ತು

ತಲುಪಿದೊಡನೆ ಕ್ಯಾಮೆರಾ ತೆಗೆಯಬೇಡಿ. ಕಟ್ಟಡವನ್ನು ಒಮ್ಮೆ ಪೂರ್ತಿಯಾಗಿ ಸುತ್ತಿ ಬನ್ನಿ. ಕಿಲ್ಪೆಕ್‌ನ ಚರ್ಚಿನಲ್ಲಿ ಮೂರು ಭಾಗಗಳು ಒಂದರ ಹಿಂದೊಂದು ನಿಂತಿವೆ: ಪಶ್ಚಿಮದಲ್ಲಿ ಜನರು ಕೂರುವ ಹಜಾರ, ನಡುವೆ ಪಾದ್ರಿಗಳ ಭಾಗವಾದ ಚಾನ್ಸೆಲ್, ಪೂರ್ವದ ತುದಿಯಲ್ಲಿ ಅರ್ಧವರ್ತುಲವಾಗಿ ಬಾಗಿದ ಆಪ್ಸ್. ಪಶ್ಚಿಮದ ಗೋಡೆಯಿಂದ ಘಟಸರ್ಪದಂತಹ ಪ್ರಾಣಿಗಳ ತಲೆಗಳು ಬಾಯ್ತೆರೆದು ಹೊರಚಾಚಿವೆ. ಅವುಗಳ ಶೈಲಿಯಲ್ಲಿ ವೈಕಿಂಗರ ಮರಗೆತ್ತನೆಯ ಛಾಯೆಯಿದೆ. ಚರ್ಚಿನ ಪಶ್ಚಿಮಕ್ಕೆ ನಾರ್ಮನ್ನರ ಕೋಟೆಯ ಮಣ್ಣುದಿಬ್ಬ ಮತ್ತು ಅದರ ಮೇಲೆ ಗೋಡೆಯ ಒಂದೆರಡು ಚೂರುಗಳು ಉಳಿದಿವೆ. ಈಶಾನ್ಯದ ಹುಲ್ಲುಗಾವಲಿನಲ್ಲಿ ಮಧ್ಯಯುಗದ ಹಳ್ಳಿಯ ಕುರುಹುಗಳು ಉಬ್ಬುತಗ್ಗುಗಳಾಗಿ ಮಲಗಿವೆ.

ಈ ಸುತ್ತಿನಲ್ಲಿ ಮೂರು ವಿಷಯಗಳನ್ನು ನೋಡಿಕೊಳ್ಳಬೇಕು. ಬಿಸಿಲು ಈಗ ಎಲ್ಲಿದೆ, ಯಾವ ಮರದ ನೆರಳು ಎತ್ತ ಸರಿಯುತ್ತಿದೆ, ಮತ್ತು ಗೋರಿಗಳ ನಡುವೆ ಯಾರಾದರೂ ಇದ್ದಾರೆಯೇ. ಅದು ಇಂದಿಗೂ ಊರಿನವರು ತಮ್ಮವರ ಗೋರಿಗೆ ಹೂವಿಡಲು ಬರುವ ಜಾಗ. ಅವರಿದ್ದಾಗ ಲೆನ್ಸನ್ನು ಆ ಕಡೆ ತಿರುಗಿಸದೆ ಕಾಯಿರಿ. ಗೋರಿಗಲ್ಲಿಗೆ ಟ್ರೈಪಾಡ್ ಆನಿಸುವುದು, ಚೀಲ ಇಡುವುದು ಬೇಡ.

ದಕ್ಷಿಣದ ಬಾಗಿಲು

ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ. ಬಾಗಿಲ ಮೇಲಿನ ಅರ್ಧಚಂದ್ರಾಕೃತಿಯ ಕಲ್ಲಿನಲ್ಲಿ ಹಣ್ಣುಗೊಂಚಲಿನ ಬಳ್ಳಿಯಾಗಿ ಜೀವವೃಕ್ಷವಿದೆ. ಅದರ ಸುತ್ತಲಿನ ಕಮಾನುಗಳಲ್ಲಿ ಕೊಕ್ಕಿನ ಮುಖಗಳು, ಬಳೆಗಳಲ್ಲಿ ಸಿಕ್ಕಿಕೊಂಡಂತಿರುವ ಪ್ರಾಣಿಗಳು. ಇಕ್ಕೆಲದ ಕಂಬಗಳ ಮೇಲೆ ಒಂದನ್ನೊಂದು ನುಂಗುವಂತೆ ಹೆಣೆದುಕೊಂಡ ಹಾವುಗಳು, ಬಳ್ಳಿಗಳ ನಡುವೆ ಷರಾಯಿ ತೊಟ್ಟ ಇಬ್ಬರು ಯೋಧರು. ಮರಳುಗಲ್ಲಿನ ಇಷ್ಟು ನವಿರಾದ ಕೆಲಸ ಎಂಟು ಶತಮಾನಗಳ ಮಳೆಗೆ ಸವೆಯದೆ ಉಳಿದದ್ದಕ್ಕೆ, ಹತ್ತೊಂಬತ್ತನೆಯ ಶತಮಾನದ ವರೆಗೆ ಬಾಗಿಲ ಮುಂದೆ ಮರದ ಮಂಟಪವೊಂದು ಇದ್ದದ್ದು ಒಂದು ಕಾರಣ.

ಇಡೀ ಬಾಗಿಲನ್ನು ಮತ್ತು ಅದರ ವಿವರಗಳನ್ನು ಒಂದೇ ಹೊತ್ತಿನಲ್ಲಿ ತೆಗೆಯಲು ಹೋಗಬೇಡಿ. ಬಾಗಿಲು ಗೋಡೆಯಿಂದ ಒಳಕ್ಕೆ ಸರಿದಿರುವುದರಿಂದ, ಓರೆಬಿಸಿಲಿನಲ್ಲಿ ಹೊರಕಮಾನಿನ ನೆರಳು ಜೀವವೃಕ್ಷದ ಅರ್ಧವನ್ನು ನುಂಗುತ್ತದೆ. ಅರ್ಧಚಂದ್ರದ ಕಲ್ಲು ಪೂರ್ತಿ ಬೆಳಗುವುದು ಸೂರ್ಯ ನೇರ ದಕ್ಷಿಣಕ್ಕೆ ಬಂದಾಗ, ಅಂದರೆ ಡಿಸೆಂಬರ್‌ನಲ್ಲಿ ಸುಮಾರು 12.10ಕ್ಕೆ, ಫೆಬ್ರವರಿಯಲ್ಲಿ 12.25ಕ್ಕೆ. ಕಂಬಗಳ ಕೆತ್ತನೆಗೆ ಇದಕ್ಕೆ ವ್ಯತಿರಿಕ್ತವಾದ ಬೆಳಕು ಬೇಕು: ಬೆಳಿಗ್ಗೆ ಬಲಬದಿಯಿಂದ ಬರುವ ಬಿಸಿಲು ಎಡದ ಕಂಬದ ಒಳಮೈಯನ್ನು ಬೆಳಗುತ್ತದೆ, ಮಧ್ಯಾಹ್ನದ ಬಿಸಿಲು ಬಲದ ಕಂಬವನ್ನು. ಆದ್ದರಿಂದ ಒಂದೇ ಬಾಗಿಲಿಗೆ ಮೂರು ಸಲ ಬರಬೇಕಾಗುತ್ತದೆ. ನಡಿಗೆಯನ್ನು ಸುತ್ತಾಗಿ ಯೋಜಿಸಲು ಹೇಳಿದ್ದು ಇದಕ್ಕಾಗಿಯೇ. ಸಾಧ್ಯವಾದರೆ ಮಧ್ಯಾಹ್ನದ ಬುತ್ತಿಯನ್ನು ಚರ್ಚಿನ ಹತ್ತಿರವೇ ಬಿಚ್ಚುವಂತೆ ದಾರಿಯನ್ನು ಎರಡು ತುಂಡು ಮಾಡಿಕೊಳ್ಳಿ.

ಬಾಗಿಲಿನ ಎದುರು ನೇರವಾಗಿ, ನಾಲ್ಕೈದು ಹೆಜ್ಜೆ ಹಿಂದೆ ಸರಿದು, ಕ್ಯಾಮೆರಾವನ್ನು ಮೇಲಕ್ಕೆ ಓಲಿಸದೆ ಮಟ್ಟವಾಗಿ ಹಿಡಿಯಿರಿ. ಓಲಿಸಿದರೆ ಕಂಬಗಳು ಮೇಲುಮೇಲಕ್ಕೆ ಒಂದನ್ನೊಂದು ಕೂಡುವಂತೆ ಬಾಗುತ್ತವೆ. ಲೆನ್ಸಿನ ರಂಧ್ರವನ್ನು ಎಫ್/8ಕ್ಕೆ, ಬೆಳಕಿನ ಸಂವೇದನೆಯನ್ನು ಐಎಸ್‌ಒ 100ಕ್ಕೆ ಇಟ್ಟರೆ ತಗ್ಗಿನ ಬಿಸಿಲಿನಲ್ಲಿ ಷಟರ್ ವೇಗ ಸೆಕೆಂಡಿನ 1/100ರಿಂದ 1/200ರ ನಡುವೆ ಬರುತ್ತದೆ. ನೆರಳು ಕಪ್ಪಾದರೂ ಚಿಂತೆಯಿಲ್ಲ. ಬೆಳಗಿದ ಕಲ್ಲಿನ ಮೈ ಬಿಳುಪಾಗಿ ಸುಟ್ಟುಹೋಗದಂತೆ ಹಿಸ್ಟೋಗ್ರಾಮಿನ (ಚಿತ್ರದ ಕಪ್ಪು-ಬಿಳುಪಿನ ಹಂಚಿಕೆಯನ್ನು ಕ್ಯಾಮೆರಾ ತೋರಿಸುವ ರೇಖಾಚಿತ್ರದ) ಬಲತುದಿಯನ್ನು ಕಾಯಿರಿ.

ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ. ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣವನ್ನು ಸರಿಹೊಂದಿಸುವ ವೈಟ್ ಬ್ಯಾಲೆನ್ಸನ್ನು ಕ್ಯಾಮೆರಾದ ಇಷ್ಟಕ್ಕೆ ಬಿಟ್ಟರೆ, ಚೌಕಟ್ಟು ತುಂಬಾ ಇರುವ ಕೆಂಗಲ್ಲನ್ನು ಅದು ದೋಷವೆಂದು ತಿಳಿದು ಕೆಂಪನ್ನು ಕಳೆಯುತ್ತದೆ. ಬಿಸಿಲಿನಲ್ಲಿ 5,200ರಿಂದ 5,500 ಕೆಲ್ವಿನ್‌ಗೆ ಗಟ್ಟಿಮಾಡಿ ಇಡಿ. ಈ ಕಲ್ಲಿನ ಬಣ್ಣವೇ ಹೆರೆಫರ್ಡ್‌ಶೈರ್‌ನ ನೆಲದ ಬಣ್ಣ. ಉತ್ತ ಹೊಲಗಳೂ ಅದೇ ಕೆಂಪು. ಹೊಲ ಮತ್ತು ಚರ್ಚು ಒಂದೇ ಮಣ್ಣಿನಿಂದ ಎದ್ದಂತೆ ಕಾಣುವ ಆ ಸಂಬಂಧ ಚಿತ್ರದಲ್ಲಿ ಉಳಿಯಬೇಕು.

ಕಾರ್ಬೆಲ್‌ಗಳು

ಇವುಗಳಲ್ಲಿ ಜೊತೆಯಾಗಿ ಕುಳಿತ ನಾಯಿ ಮತ್ತು ಮೊಲ, ತಂತಿವಾದ್ಯ ನುಡಿಸುವ ವ್ಯಕ್ತಿ, ಶಿಲುಬೆ ಹೊತ್ತ ಕುರಿಮರಿ ಎಲ್ಲವೂ ಇವೆ. ಶೀಲಾ ನ ಗಿಗ್ ಎಂದು ಹೆಸರಾದ, ತನ್ನ ಯೋನಿಯನ್ನು ಎರಡೂ ಕೈಗಳಿಂದ ತೆರೆದು ತೋರುವ ಸ್ತ್ರೀಮೂರ್ತಿಯೂ ಇಲ್ಲಿದೆ. ಬಾದಾಮಿಯ ವಸ್ತುಸಂಗ್ರಹಾಲಯದ ಲಜ್ಜಾಗೌರಿಯನ್ನು ಕಂಡವರು ಅದರ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ. ಎರಡಕ್ಕೂ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ನೋಡುವ ಕಣ್ಣಿಗೆ ಹಳೆಯ ಪರಿಚಯ ಜೊತೆಗಿದ್ದರೆ, ಅದನ್ನು ಅಶ್ಲೀಲವೆಂದೋ ವಿನೋದವೆಂದೋ ತಳ್ಳಿಹಾಕದೆ ಗೌರವದಿಂದ ಚಿತ್ರಿಸಲು ಸಾಧ್ಯವಾಗುತ್ತದೆ.

ಗೋಡೆಯ ಬುಡದಲ್ಲಿ ನಿಂತು ತಲೆಯೆತ್ತಿ ತೆಗೆದರೆ ಗದ್ದ ಮತ್ತು ಮೂಗಿನ ಹೊಳ್ಳೆಗಳಷ್ಟೇ ಸಿಗುತ್ತವೆ. ಗೋಡೆಯಿಂದ ಸಾಧ್ಯವಾದಷ್ಟು ದೂರ ಸರಿಯಿರಿ. ಹಿಂದೆ ಸರಿದಷ್ಟೂ ನೋಟದ ಕೋನ ತಗ್ಗುತ್ತದೆ. 150ರಿಂದ 200 ಮಿಲಿಮೀಟರಿನಲ್ಲಿ ಒಂದೊಂದೇ ಕಲ್ಲನ್ನು ತೆಗೆಯಿರಿ. ಕೈಯಲ್ಲಿ ಹಿಡಿದು ತೆಗೆಯುವುದಾದರೆ ಐಎಸ್‌ಒವನ್ನು 400ಕ್ಕೆ ಏರಿಸಿ ಷಟರನ್ನು 1/400ಕ್ಕಿಂತ ನಿಧಾನವಾಗಲು ಬಿಡಬೇಡಿ. ಆಪ್ಸ್ ಬಾಗಿರುವುದರಿಂದ ಅದರ ಕಾರ್ಬೆಲ್‌ಗಳಿಗೆ ಬೆಳಕು ಒಂದರ ನಂತರ ಒಂದಕ್ಕೆ ಓರೆಯಾಗುತ್ತಾ ಹೋಗುತ್ತದೆ. ಸೂರ್ಯನನ್ನು ಅನುಸರಿಸಿ ನೀವು ಸರಿಯುತ್ತಾ ಹೋದರೆ ಸಾಕು.

ಉತ್ತರದ ಸಾಲಿಗೆ ಚಳಿಗಾಲದಲ್ಲಿ ನೇರ ಬಿಸಿಲು ಎಂದೂ ಬೀಳುವುದಿಲ್ಲ. ಅದನ್ನು ನೀಲಿ ಆಕಾಶದ ದಿನ ತೆಗೆದರೆ ಕಲ್ಲು ನೇರಳೆಗೆ ತಿರುಗುತ್ತದೆ, ಆಗ 7,000 ಕೆಲ್ವಿನ್‌ಗಿಂತ ಮೇಲೆ ಸರಿಪಡಿಸಬೇಕಾಗುತ್ತದೆ. ತೆಳುಮೋಡ ಕವಿದ ಗಳಿಗೆ ಸಿಕ್ಕಿದರೆ ಬೇರೆಲ್ಲ ಬಿಟ್ಟು ಉತ್ತರಕ್ಕೆ ಹೋಗುವುದು ನನ್ನ ರೂಢಿ. ಎಲ್ಲಿಯೂ ಕಲ್ಲನ್ನು ಮುಟ್ಟಿ ಒರೆಸುವುದು, ಹಾವಸೆ ಕೀಳುವುದು, ನೀರು ಚಿಮುಕಿಸಿ ಬಣ್ಣ ಗಾಢಮಾಡುವುದು ಸಲ್ಲದು. ಮರಳುಗಲ್ಲು ಪದರಪದರವಾಗಿ ಉದುರುವ ಕಲ್ಲು.

ದೂರದ ನೋಟ

ನಡುಹಗಲಿನ ಕೆಲಸ ಮುಗಿದ ಬಳಿಕ ಕೋಟೆದಿಬ್ಬದ ಕಡೆಗೂ ಹೊಲಗಳ ಕಡೆಗೂ ನಡೆಯಿರಿ. ಬೇಸಿಗೆಯಲ್ಲಿ ಎಲೆಗಳ ಹಿಂದೆ ಮರೆಯಾಗುವ ಚರ್ಚು ಈಗ ಎಲೆಯುದುರಿದ ಕೊಂಬೆಗಳ ನಡುವೆ ಕಾಣುತ್ತದೆ. ದಿಬ್ಬದ ಮೇಲಿನಿಂದ ಪೂರ್ವಕ್ಕೆ ನೋಡಿದರೆ ಚಾವಣಿಯೂ ಪಶ್ಚಿಮದ ಗೋಡೆಯ ಮೇಲಿನ ಗಂಟೆಗೂಡೂ ಒಂದೇ ಚೌಕಟ್ಟಿಗೆ ಬರುತ್ತವೆ. ಎತ್ತರದಲ್ಲಿ ನಿಂತಿರುವುದರಿಂದ ಕ್ಯಾಮೆರಾವನ್ನು ಓಲಿಸುವ ತೊಂದರೆಯೂ ಇಲ್ಲ. ಮಧ್ಯಾಹ್ನ 2.30ರ ನಂತರ ಹಳೆಯ ಹಳ್ಳಿಯ ಉಬ್ಬುತಗ್ಗುಗಳಿಗೆ ಉದ್ದನೆಯ ನೆರಳು ಮೂಡುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಬರೀ ಹುಲ್ಲಾಗಿ ಕಂಡದ್ದು ಆಗ ಬೀದಿಯಾಗಿ, ಮನೆಯಂಗಳವಾಗಿ ಬಿಚ್ಚಿಕೊಳ್ಳುತ್ತದೆ. ಚರ್ಚು ಮಾತ್ರ ಏಕೆ ಒಂಟಿಯಾಗಿ ನಿಂತಿದೆಯೆಂದು ಹೇಳುವ ಚಿತ್ರ ಇದೊಂದೇ, ಇದನ್ನು ಬಿಟ್ಟುಬರಬೇಡಿ.

ಹುಲ್ಲಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿಯಿದ್ದರೆ ಅಥವಾ ಹಿಮ ಬಿದ್ದಿದ್ದರೆ ಕ್ಯಾಮೆರಾದ ಮೀಟರು ಬಿಳುಪನ್ನು ಬೂದುಬಣ್ಣವಾಗಿಸುತ್ತದೆ. ಇಬ್ಬನಿಗೆ ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ), ತುಂಬುಹಿಮಕ್ಕೆ ಒಂದರಿಂದ ಒಂದೂವರೆ ಸ್ಟಾಪ್ ಹೆಚ್ಚು ಬೆಳಕು ಕೊಡಿ.

ಒಳಗೆ

ಇಂತಹ ಚರ್ಚುಗಳು ಸಾಮಾನ್ಯವಾಗಿ ಹಗಲಿನಲ್ಲಿ ತೆರೆದಿರುತ್ತವೆ. ಪ್ರಾರ್ಥನೆಯ ವೇಳೆಯನ್ನು ಬಾಗಿಲ ಹತ್ತಿರದ ಫಲಕದಲ್ಲಿ ನೋಡಿಕೊಂಡು ಆ ಹೊತ್ತನ್ನು ಬಿಟ್ಟುಬಿಡಿ. ಚಿತ್ರಗಳನ್ನು ಮಾರಾಟಕ್ಕೆ ಬಳಸುವ ಉದ್ದೇಶವಿದ್ದರೆ ಚರ್ಚಿನವರ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ಕೆಸರು ಬೂಟುಗಳನ್ನು ಹೊರಗೇ ಒರೆಸಿಕೊಳ್ಳಿ, ಒಳಗೆ ಬಂದೊಡನೆ ಬಾಗಿಲು ಮುಚ್ಚಿ.

ಹಜಾರ ಮತ್ತು ಚಾನ್ಸೆಲ್‌ಗಳ ನಡುವಿನ ಕಮಾನಿನಲ್ಲಿ, ಪ್ರತಿ ಬದಿಗೂ ಮೂವರು ಸಂತರು ಒಬ್ಬರ ಮೇಲೊಬ್ಬರು ನಿಂತಿದ್ದಾರೆ. ತೊಡಕೆಂದರೆ ಅವರ ಹಿಂದೆಯೇ ಆಪ್ಸ್‌ನ ಕಿಟಕಿಗಳ ಬೆಳಕಿದೆ. ಟ್ರೈಪಾಡ್ ಮೇಲೆ ಎಫ್/8, ಐಎಸ್‌ಒ 100 ಇಟ್ಟು, ಎರಡೆರಡು ಸ್ಟಾಪ್ ಅಂತರದಲ್ಲಿ ಮೂರು ಚಿತ್ರ ತೆಗೆದು ಆಮೇಲೆ ಕೂಡಿಸಬಹುದು. ಫ್ಲ್ಯಾಷ್ ಬಳಸಬೇಡಿ: ಎದುರಿನಿಂದ ಬಿದ್ದ ಬೆಳಕು ಕೆತ್ತನೆಯನ್ನು ಚಪ್ಪಟೆ ಮಾಡುತ್ತದೆ. ಷಟರ್ ಎರಡು ಸೆಕೆಂಡಿನ ಟೈಮರಿನಿಂದ ಬಿಡಲಿ, ಮರಗಟ್ಟಿದ ಬೆರಳು ಕ್ಯಾಮೆರಾವನ್ನು ಅಲುಗಿಸದೆ ಇರದು.

ಬೆಚ್ಚಗಿನ ಕೋಣೆಗೆ ಮರಳುವಾಗ

ಒಂದು ಸಲ ನಾನು ಚಳಿಯಿಂದ ನೇರವಾಗಿ ಹಳ್ಳಿಯ ಪಬ್ಬೊಂದರ ಬೆಂಕಿಯ ಪಕ್ಕಕ್ಕೆ ಹೋಗಿ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟೆ. ಐದು ನಿಮಿಷದಲ್ಲಿ ಲೆನ್ಸಿನ ಹೊರಗೂ ಒಳಗೂ ಹನಿಗಟ್ಟಿ, ಸಂಜೆಯ ಬೆಳಕಿನ ಕೊನೆಯ ಅರ್ಧ ಗಂಟೆ ಪೂರ್ತಿ ಕೈತಪ್ಪಿತು. ಪ್ಲಾಸ್ಟಿಕ್ ಚೀಲ ಇದಕ್ಕಾಗಿ. ಹೊರಗಿನ ತಣ್ಣನೆಯ ಗಾಳಿಯಲ್ಲಿಯೇ ಕ್ಯಾಮೆರಾವನ್ನು ಅದರಲ್ಲಿಟ್ಟು ಜಿಪ್ ಬಿಗಿದು, ಒಳಗೆ ಹೋದ ಮೇಲೆ ಒಂದೆರಡು ಗಂಟೆ ಹಾಗೆಯೇ ಬಿಡಿ. ತೇವ ಚೀಲದ ಹೊರಮೈಗೆ ಕಟ್ಟುತ್ತದೆ. ಮೆಮರಿ ಕಾರ್ಡನ್ನು ಚೀಲಕ್ಕೆ ಹಾಕುವ ಮೊದಲೇ ತೆಗೆದಿಟ್ಟುಕೊಂಡರೆ ಕಾಯುವ ಹೊತ್ತಿನಲ್ಲಿ ಚಿತ್ರಗಳನ್ನು ನೋಡಬಹುದು.

ಅದೇ ಸಂಜೆ, ನೆನಪು ಹಸಿಯಾಗಿರುವಾಗ, ಪ್ರತಿ ಕಾರ್ಬೆಲ್ ಚಿತ್ರಕ್ಕೂ ಗೋಡೆಯ ದಿಕ್ಕು, ಪಶ್ಚಿಮದ ತುದಿಯಿಂದ ಎಣಿಸಿದ ಸಂಖ್ಯೆ, ತೆಗೆದ ಗಂಟೆ ಬರೆದಿಡಿ. 85 ಮುಖಗಳಲ್ಲಿ ಯಾವುದು ಎಲ್ಲಿತ್ತೆಂಬುದು ಮರುದಿನಕ್ಕೆ ಕಲಸಿಹೋಗುತ್ತದೆ. ಮುಂದಿನ ಭೇಟಿಯಲ್ಲಿ ಯಾವ ಕಲ್ಲಿನ ಎದುರು ಯಾವ ಹೊತ್ತಿಗೆ ನಿಲ್ಲಬೇಕೆಂದು ಹೇಳುವುದೂ ಇದೇ ಪಟ್ಟಿ. ನನ್ನ ಪಟ್ಟಿಯಲ್ಲಿ ಉತ್ತರದ ಸಾಲಿನ ಒಂಬತ್ತು ಕಲ್ಲುಗಳ ಎದುರು ಇನ್ನೂ ಗಂಟೆ ಬರೆದಿಲ್ಲ. ಅವು ತೆಳುಮೋಡದ ದಿನಕ್ಕೆ ಕಾದಿವೆ.